ಲೇಸಿಂಗ್ ದಾರ

ಗಾರ್ಡನ್ ಏರಿಯಾದ ಮೂರನೇ ತಿರುವು, ವೈಂಡಿಂಗ್ ಅಂಗಡಿ.
ಮಾರ್ಚ್ ಬಂತೆಂದರೆ ಹೊಳೆಹೊನ್ನೂರು, ಕೂಡ್ಲಿ ಕಡೆಯ
ಪಂಪುಸೆಟ್ಟುಗಳು ಸುಟ್ಟ ಹೊಟ್ಟೆ ಹೊತ್ತು
ಲಗೇಜು ಆಟೋದಲ್ಲಿ ಬಂದು ಸಾಲಾಗಿ ಕೂರುತ್ತವೆ.
ಹನ್ನೊಂದು ವರ್ಷ ತಾಮ್ರ ಸುತ್ತಿದವಳು ನಾನು:
ಎಣಿಕೆ ತಪ್ಪಬಾರದು, ಗಂಟು ಬೀಳಬಾರದು,
ಸಂದು ಉಳಿಯಬಾರದು.
ಕೊನೆಗೆ ಕಾಯಿಲಿನ ತುದಿಗಳನ್ನು ಬಿಳಿ ದಾರದಲ್ಲಿ ಬಿಗಿದು
ವಾರ್ನಿಷ್ ಕುಡಿಸುವುದು.
ಆ ಬಿಗಿಯುವ ಕೆಲಸಕ್ಕೆ ನಮ್ಮಲ್ಲಿ ಲೇಸಿಂಗ್ ಅನ್ನುತ್ತೇವೆ.
ಲೇಸು ಎಂದರೆ ಒಳ್ಳೆಯದು ಎಂದು ಶಾಲೆಯಲ್ಲಿ ಓದಿದ್ದೆ.
ಮೂರನೆಯ ಅರ್ಥ ತಂದದ್ದು ಒಂದು ಟೇಬಲ್ ಫ್ಯಾನು.

ಫ್ಯಾನಲ್ಲ, ಅದರ ಗವಸು.
ಬಿಳಿ ಪಾಪ್ಲಿನ್ನಿನ ಅಂಚಿಗೆ ಸುತ್ತಲೂ ಉಂಗುರ,
ಉಂಗುರಕ್ಕೆ ಸಾಸಿವೆ ತೂರುವಷ್ಟು ಕಿವಿಗಳು,
ಒಂದರ ಕಿವಿ ಹಿಡಿದು ಇನ್ನೊಂದು.
ಒಂದು ಕಡೆ ಬೆರಳುದ್ದ ಇಲಿ ತಿಂದಿತ್ತು.
ಚೀಟಿಯಲ್ಲಿ: ಸೆರಾಫಿನ್ ಬಾಯಿ, ಗಾಡಿಕೊಪ್ಪ.
ಫೋನ್ ನಂಬರಿನ ಕೊನೆಯೆರಡು ಅಂಕಿ ವಾರ್ನಿಷ್ ನುಂಗಿತ್ತು.
ಫ್ಯಾನು ಸರಿಯಾಯಿತು. ಅವರು ಬರಲಿಲ್ಲ.
ಮಳೆಗಾಲ ಹಿಡಿಯಿತು, ಬರಲಿಲ್ಲ.

ಕ್ರೋಶಾ ಅಲ್ಲ ಇದು. ಕ್ರೋಶಾ ನನಗೆ ಗೊತ್ತು,
ಚಿಕ್ಕಮ್ಮನ ಟಿವಿ ಮೇಲೆ ಹಾಸಿದ್ದರ ಒಂದು ಎಳೆ ಎಳೆದು
ಮಧ್ಯಾಹ್ನವಿಡೀ ಬಿಚ್ಚಿ ಏಟು ತಿಂದಿದ್ದೇನೆ.
ಇದು ಬಿಚ್ಚುವುದಿಲ್ಲ. ಇಲಿ ಕಡಿದಲ್ಲೂ
ಪಕ್ಕದ ಉಂಗುರ ಜಗ್ಗದೆ ನಿಂತಿತ್ತು.
ಭೂತಗನ್ನಡಿ ಇಟ್ಟು ನೋಡಿದೆ: ಬರೀ ಗಂಟು.
ಹನ್ನೊಂದು ವರ್ಷ ನಾನು ಬೀಳಗೊಡದ ಅದೇ ಗಂಟು,
ಸಾಲುಗಟ್ಟಿ, ಲೆಕ್ಕ ಹಾಕಿ, ಬೇಕೆಂದೇ.

ಸ್ಲಾಟಿಗೆ ತುರುಕುವ ಲೆದರಾಯ್ಡ್ ಕಾಗದ ಕತ್ತರಿಸಿ
ದೋಣಿಯಂಥ ಲಾಳಿ ಮಾಡಿಕೊಂಡೆ.
ಲೇಸಿಂಗ್ ದಾರವನ್ನೇ ಸುತ್ತಿದೆ. ಎಡಗೈಗೆ ಒಂದು ಬಳಸು,
ಲಾಳಿ ಕೆಳಗೆ ಹೋಗಿ ಮೇಲೆ ಬಂತು, ಎಳೆದೆ. ಕಚ್ಚಿಕೊಂಡಿತು.
ಮತ್ತೆ. ಕಚ್ಚಿಕೊಂಡಿತು. ಉಂಗುರ ಮುಚ್ಚಲೊಲ್ಲದು.
ಒಂದು ಗಂಟನ್ನು ಸೂಜಿಮೊನೆಯಲ್ಲಿ ಬಿಡಿಸಲು ಅರ್ಧ ತಾಸು;
ಬಿಡಿಸಿದ ದಾರ ಜಡೆ ಬಿಚ್ಚಿದ ಕೂದಲಿನಂತೆ ಅಲೆಅಲೆ.
ಊಟದ ಡಬ್ಬಿಯ ಪಕ್ಕ ದಿನಾ ಒಂದು ಹಿಡಿ ಸಿಕ್ಕು.
ಖಲಂದರ್ ಸಾಬರು ಕೇಳಿದರು,
"ಹಾಲಮ್ಮ, ಯಾವ ಹಕ್ಕಿಗೆ ಗೂಡು?"

ಗುಟ್ಟು ಸಿಕ್ಕಿದ್ದು ಕರೆಂಟು ಹೋದ ಸಂಜೆ,
ಕಣ್ಣು ಕೆಲಸಕ್ಕೆ ಬಾರದೆ ಬೆರಳಷ್ಟೇ ಉಳಿದಾಗ.
ಎಡಗೈಯ ನಡುಬೆರಳು ದಣಿದು ಕುಸಿಯಿತು,
ಬಲಗೈ ದಾರ ನೆಟ್ಟಗಾಯಿತು,
ಟಕ್,
ಗಂಟು ಈ ದಾರದಿಂದ ಆ ದಾರಕ್ಕೆ ದಾಟಿಕೊಂಡಿತು.
ಕಟ್ಟಲು ಹೋದದ್ದು ಈಗ ಒಳಗಿನ ನೇರ ಎಳೆ,
ಸುಮ್ಮನಿದ್ದದ್ದೇ ಅದಕ್ಕೆ ಸುತ್ತಿಕೊಂಡಿದೆ.
ಎಳೆದರೆ ಜಾರುತ್ತದೆ!
ಆ ಒಂದೇ ಗಂಟನ್ನು ಹಿಂದೆ ಮುಂದೆ ಜಾರಿಸುತ್ತ ಕೂತೆ,
ಕರೆಂಟು ಬಂದ ಮೇಲೂ.

ಆಮೇಲೆ ಕಿವಿ. ಎರಡು ಗಂಟಿನ ನಡುವೆ
ತುಸು ಸಡಿಲ ಬಿಟ್ಟು ಒತ್ತರಿಸಿದರೆ ತಾನೇ ಎದ್ದು ನಿಲ್ಲುತ್ತದೆ.
ಸಡಿಲ ಬಿಡುವುದು ಈ ಕೈಗೆ ಬರಲು
ದೀಪಾವಳಿ ದಾಟಿತು.

ಇಲಿ ತಿಂದ ಬೆರಳುದ್ದ ತುಂಬಿದೆ. ನನ್ನ ದಾರ ಸ್ವಲ್ಪ ಹಳದಿ,
ಮೂಸಿದರೆ ವಾರ್ನಿಷ್.

ಫೆಬ್ರವರಿಯಲ್ಲಿ ಬಂದರು ಸೆರಾಫಿನ್ ಬಾಯಿ.
ಮೊಣಕಾಲಿಗೆ ಆಪರೇಷನ್ ಆಗಿತ್ತಂತೆ. ಕೋಲು, ಪ್ಲಾಸ್ಟಿಕ್ ಚೀಲ.
ಬಿಲ್ಲು ಆರುನೂರ ಐವತ್ತು, ಚೌಕಾಸಿ ಮಾಡಿ ಆರುನೂರು.
ಫ್ಯಾನು ತಿರುಗಿಸಿ ನೋಡಲಿಲ್ಲ. ಗವಸಿನ ಅಂಚನ್ನು
ಹೆಬ್ಬೆರಳಲ್ಲಿ ಜಪಸರದಂತೆ ದಾಟಿಸುತ್ತ ಬಂದು
ನನ್ನಲ್ಲಿಗೆ ನಿಂತರು.
"ಐದು, ಐದು, ಐದು... ಇಲ್ಲಿ ನಾಲ್ಕು."
ಸಾಬರು ಮೋಟರಿನೊಳಕ್ಕೆ ತಲೆ ಹಾಕಿದರು.
ನನ್ನ ಮುಖ ಓವನ್ನಿನ ಬಾಗಿಲಾಯಿತು.
"ಯಾರು ಹೇಳಿಕೊಟ್ಟಿದ್ದು?"
"ಇದೇ," ಎಂದು ಗವಸು ತೋರಿಸಿದೆ.
ಅವರು ಅದನ್ನು ಮಡಚಿ ನನ್ನ ಟೇಬಲ್ಲಿನ ಮೇಲಿಟ್ಟರು,
ತಾಮ್ರದ ಚೂರುಗಳ ನಡುವೆ.
"ನಂದೂ ಒಂದು ಕಡೆ ನಾಲ್ಕಿದೆ. ಹುಡುಕು."
ಆಟೋ ಹತ್ತಿದರು, ಬರಿತಲೆಯ ಫ್ಯಾನು ತೊಡೆಯ ಮೇಲೆ.

ಮಾರ್ಚ್ ಮತ್ತೆ ಬಂದಿದೆ. ಪಂಪುಸೆಟ್ಟುಗಳ ಸಾಲು ರಸ್ತೆಗಿಳಿದಿದೆ.
ಊಟ ಮುಗಿಸಿ, ಕೈ ತೊಳೆದು, ಎಣಿಸುತ್ತೇನೆ.
ನೂರ ಎಪ್ಪತ್ತು ಉಂಗುರ ಆಯಿತು.
ಐದು, ಐದು, ಐದು.